ಏಳನೇ ಸಾಲಿನ ಸಹಿ

ಏಪ್ರಿಲ್ 29, ಶುಕ್ರವಾರ

ಎಂದಿನಂತೆ ಊರ ಬಾರಿಗೆ ಶುಕ್ರವಾರದ ಮೀನೂಟಕ್ಕೆ ಹೋದೆ. ಅದೇ ಸ್ಟೂಲು, ಅದೇ ಬ್ರಾಂಡಿ, ಕರಿದ ಮೀನು, ರೈ ಬ್ರೆಡ್ಡು. ನಾನು ಕೂತದ್ದೇ ತಡ, ಪಕ್ಕದ ನಾಲ್ವರ ಬಾಯಿ ಬಂದ್. ಇಪ್ಪತ್ತೆರಡು ವರ್ಷ ಇವರ ಹಸುಗಳಿಗೆ ಹೆರಿಗೆ ಮಾಡಿಸಿದ ಡಾಕ್ಟರು ನಾನು. ಈಗ ಸೆನೆಟರ್ ಆದದ್ದೇ ತಪ್ಪಾಯಿತು.

ನನ್ನ ವಿರುದ್ಧದ ಅರ್ಜಿಗೆ ಹದಿನಾರು ಸಾವಿರ ಸಹಿ ಬೇಕಿತ್ತು. ನಾನೂರು ಹೆಚ್ಚೇ ತಂದಿದ್ದಾರೆ. ಸರ್ಕಾರಿ ನೌಕರರ ಸಂಘದ ಹಕ್ಕು ಕತ್ತರಿಸುವ ಮಸೂದೆಗೆ ಕೈ ಎತ್ತಿದೆನಲ್ಲ, ಅದಕ್ಕೆ. ಅವಧಿ ಮುಗಿಯುವ ಮೊದಲೇ ಮತ್ತೆ ಚುನಾವಣೆ ನಡೆಸಿ ನನ್ನನ್ನು ಇಳಿಸಬೇಕಂತೆ.

"ನೀನು ಸಹಿ ಹಾಕಿದ್ಯಾ?" ಅಂತ ಬಾರಿನ ಮೊನ್ನಿಯನ್ನು ಕೇಳಿದೆ.

"ಉಪ್ಪು ಬೇಕಾ ಡಾಕ್ಟ್ರೇ?" ಅಂದಳು.

ಹಾಕಿದ್ದಾಳೆ.

ಮೇ 2

ಸಹಿಯ ಹಾಳೆಗಳ ನಕಲು ಬಂತು. ಎಂಟು ಪೆಟ್ಟಿಗೆ. ತಕರಾರಿದ್ದರೆ ಒಂಬತ್ತನೇ ತಾರೀಖು ಐದು ಗಂಟೆಯೊಳಗೆ ಕೊಡಬೇಕು. ಸಹಾಯಕ ಡ್ವೈಟ್ ಮತ್ತು ನಾನು ಕೂತು ಓದಿದ್ದೇ ಓದಿದ್ದು. ಸತ್ತವರು, ಊರು ಬಿಟ್ಟವರು, ಎರಡು ಸಲ ಹಾಕಿದವರು... ಯಾರಾದರೂ ಸಿಗಲೇಬೇಕು.

ಸಿಕ್ಕವರು ಬರೀ ಬದುಕಿರುವವರು. ನನ್ನ ಕ್ಷೌರಿಕ. ಚರ್ಚಿನಲ್ಲಿ ಪಿಯಾನೋ ನುಡಿಸುವಾಕೆ. ಆ ಕ್ಷೌರಿಕನ ಕತ್ತಿಗೆ ಮೊನ್ನೆ ತಾನೇ ಕುತ್ತಿಗೆ ಕೊಟ್ಟು ಬಂದಿದ್ದೆ!

ಡ್ವೈಟ್ ಓದುತ್ತಾ ಒಮ್ಮೆ ನಕ್ಕ. ಯಾಕೆ ನಕ್ಕ?

ಮೇ 5

ಸಿಕ್ಕಿತು! ನೂರ ಹದಿನೆಂಟನೇ ಹಾಳೆ, ಏಳನೇ ಸಾಲು. ಲುಸೆಲ್ಲಾ ಸ್ಟೋಫೆಲ್.

ನನ್ನ ಅಮ್ಮ. ಎಂಬತ್ತೇಳು ವರ್ಷ. ಕೌಂಟಿ ಸರ್ಕಾರ ನಡೆಸುವ ವೃದ್ಧರ ಆಸ್ಪತ್ರೆಯಲ್ಲಿದ್ದಾಳೆ. ಚೆಕ್ಕಿಗೂ ಅವಳು ಸಹಿ ಹಾಕುವುದಿಲ್ಲ, ನಾನೇ ಹಾಕುವುದು. ಹಾಳೆಯ ಕೊನೆಗೆ, 'ಈ ಸಹಿಗಳನ್ನು ಕಣ್ಣಾರೆ ಕಂಡಿದ್ದೇನೆ' ಅನ್ನುವ ಕಡೆ, ಜೋಲೀನ್ ಹೆಸರು. ಅಮ್ಮನಿಗೆ ಸ್ನಾನ ಮಾಡಿಸುವವಳು. ಸಂಘದವಳು. ಇನ್ನೇನು ಸಾಕ್ಷಿ ಬೇಕು?

ನಾಚಿಕೆ ಬಿಟ್ಟು ಬರೆಯುತ್ತೇನೆ — ಖುಷಿಯಾಯಿತು. ಮೂರು ತಿಂಗಳಲ್ಲಿ ಇವತ್ತು ಹೊಟ್ಟೆ ತುಂಬ ಉಂಡೆ.

ಮೇ 6, ಮಧ್ಯಾಹ್ನ

ಟೀವಿಯವರ ಮುಂದೆ ಹೇಳಿಬಿಟ್ಟೆ. "ನನ್ನ ತಾಯಿಯ ಹೆಸರನ್ನೂ ಬಿಡಲಿಲ್ಲ ಈ ಕಳ್ಳರು." ನಟನೆಯಲ್ಲ, ನಂಬಿಯೇ ಹೇಳಿದೆ.

ಒಂದು ಸುಳ್ಳು ಸಹಿ ಸಾಬೀತಾದರೆ ಉಳಿದವುಗಳ ಮೇಲೂ ಜನಕ್ಕೆ ಅನುಮಾನ ಬರುತ್ತದೆ ಅಂತ ಡ್ವೈಟ್ ಲೆಕ್ಕ. ಆ ಸಹಿ ತನ್ನದಲ್ಲ ಅಂತ ಅಮ್ಮನಿಂದ ಒಂದು ಪ್ರಮಾಣಪತ್ರ ಬೇಕು, ಅಷ್ಟೇ. ಜೋಲೀನ್‌ಳನ್ನು ವಿಚಾರಣೆ ಮುಗಿಯುವವರೆಗೆ ಆಸ್ಪತ್ರೆಯವರು ಮನೆಗೆ ಕಳಿಸಿದ್ದಾರಂತೆ. ಸರಿಯಾಯಿತು.

ಮೇ 8, ತಾಯಂದಿರ ದಿನ

ಹೂವು ತಗೊಂಡು ಹೋದೆ. ಜೊತೆಗೆ ಡ್ವೈಟ್, ಅವನ ನೋಟರಿ ಮುದ್ರೆ.

"ಹೂವು ಯಾಕೋ ವೆರ್ನಿ? ಯಾರಾದ್ರೂ ಸತ್ರಾ?"

ಡ್ವೈಟ್‌ನನ್ನು ಹೊರಗೆ ನಿಲ್ಲಿಸಿ ವಿಷಯ ಹೇಳಿದೆ. ಯಾರೋ ನಿನ್ನ ಹೆಸರಲ್ಲಿ ಸಹಿ ಹಾಕಿದ್ದಾರೆ ಅಂತ.

"ಯಾರೋ ಅಲ್ಲ. ನಾನೇ."

"ಜೋಲೀನ್ ಹಾಕಿಸ್ಕೊಂಡ್ಲಾ?"

"ಪಾಪ, ಅವಳು ಬೇಡ ಅಂದ್ಲು. 'ನಿಮ್ಮ ಮಗ ಕಣಮ್ಮ, ಯೋಚನೆ ಮಾಡಿ' ಅಂದ್ಲು. ನಾನೇ ಪೆನ್ನು ಕಿತ್ಕೊಂಡೆ. ನಿನ್ನ ಕಾನೂನು ಬಂದ ಮೇಲೆ ಅರ್ಧ ಜನ ಕೆಲಸ ಬಿಟ್ರು ಇಲ್ಲಿ. ವಾರಕ್ಕೆ ಮೂರು ಸ್ನಾನ ಇದ್ದದ್ದು ಒಂದಾಯ್ತು. ಫೋನಲ್ಲಿ ಎರಡು ಸಲ ಹೇಳ್ದೆ. 'ನೋಡೋಣಮ್ಮ' ಅಂದೆ. ಎಷ್ಟು ದಿನ ನೋಡ್ತೀಯ?"

ಟೀವಿಯಲ್ಲಿ ಆಡಿದ್ದನ್ನು, ಪ್ರಮಾಣಪತ್ರ ತಂದಿರುವುದನ್ನು ಹೇಳಿದೆ. ಜೋಲೀನ್ ವಿಷಯ ಮಾತ್ರ ನುಂಗಿದೆ.

ಅಮ್ಮ ಕೈ ಚಾಚಿದಳು. "ನಿನ್ನ ಮಾನ ಹೋಗತ್ತೆ ಅಂದ್ರೆ ತಾ ಇಲ್ಲಿ. ನಾನು ಹಾಕಿಲ್ಲ ಅಂತ ಸಹಿ ಹಾಕ್ಕೊಡ್ತೀನಿ. ಹೆತ್ತಿದೀನಲ್ಲ."

ತಡೆಯಲಿಲ್ಲ ನಾನು. ಡ್ವೈಟ್‌ನನ್ನು ಕರೆದೆ. ಅವಳು ಸಹಿ ಹಾಕಿದಳು, ಅವನು ಮುದ್ರೆ ಒತ್ತಿದ.

ಬಾಗಿಲ ಹತ್ತಿರ ಬಂದಾಗ ಕೇಳಿದಳು. "ಜೋಲೀನ್ ಎರಡು ದಿನದಿಂದ ಬಂದಿಲ್ಲ. ಹುಷಾರಿಲ್ವೇನೋ. ಸ್ವಲ್ಪ ವಿಚಾರಿಸ್ತೀಯಾ?"

ಹೂಂ ಅಂದೆ.

ಮೇ 9, ಸಂಜೆ 4.35

ಚುನಾವಣಾ ಕಚೇರಿಯ ಎದುರು, ಕಾರಿನಲ್ಲಿ. ಡ್ವೈಟ್ ಒಳಗೆ ಕಾಯುತ್ತಿದ್ದಾನೆ.

ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅರ್ಜಿಯಲ್ಲಿ ಅಮ್ಮನ ಅಕ್ಷರ ನೆಟ್ಟಗಿದೆ. ಪ್ರಮಾಣಪತ್ರದಲ್ಲಿ ಗೆರೆಯಿಂದ ಕೆಳಗೆ ಜಾರಿದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾರೆಂದು ಊರವರ ಹೆಗಲನ್ನೇ ನೋಡುತ್ತಾ ಕೂತಿದ್ದೆ. ಎಂಟು ಪೆಟ್ಟಿಗೆಯಲ್ಲಿ ಹುಡುಕಿದ ಸುಳ್ಳು ಸಹಿ ಈಗ ಸಿಕ್ಕಿದೆ. ನನ್ನ ತೊಡೆಯ ಮೇಲಿದೆ.

4.46

ಆಸ್ಪತ್ರೆಯ ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಸಹಿ ಅಮ್ಮನದೇ, ಜೋಲೀನ್‌ಳನ್ನು ವಾಪಸ್ ಕರೆಯಿರಿ ಅಂದೆ.

"ಬಾಯಿ ಮಾತು ಸಾಲದು ಸಾರ್. ನೀವು ಹೇಳಿದ್ದನ್ನ ಇಡೀ ರಾಜ್ಯ ಕೇಳಿದೆ. ಬರೆದು ಕೊಡ್ತೀರಾ?"

ಡ್ವೈಟ್ ಮೆಟ್ಟಿಲಿಳಿದು ಬರುತ್ತಿದ್ದಾನೆ, ಗಡಿಯಾರ ತೋರಿಸುತ್ತಾ. ಕಾರಿನ ಬಾಗಿಲು ಲಾಕ್ ಮಾಡಿದೆ. ಮೊದಲು ಇಲ್ಲೇ ಬರೆದು ನೋಡುತ್ತೇನೆ.

ನಾನು, ವೆರ್ನ್ ಸ್ಟೋಫೆಲ್, ರಾಜ್ಯ ಸೆನೆಟರ್, ಪ್ರಮಾಣ ಮಾಡಿ ಹೇಳುವುದೇನೆಂದರೆ, ನೂರ ಹದಿನೆಂಟನೇ ಹಾಳೆಯ ಏಳನೇ ಸಾಲಿನಲ್ಲಿರುವುದು ನನ್ನ ತಾಯಿಯ ಸ್ವಂತ ಸಹಿ. ಸುಳ್ಳು ಹೇಳಿದವನು—