ಪೋಷಕರು ಬರೆಯಬೇಕಾದ ಜಾಗ

ಮಾರ್ಚ್ ೯, ಭಾನುವಾರ

ಮುದ್ದು ಮಗಳೇ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಅಮ್ಮನಿಗೆ ಸೋಮಾರಿತನ ಎಂದು ಬೈದುಕೊಂಡಿರುತ್ತೀಯ. ಎರಡು ಸಲ ಬರೆದೆ, ಎರಡು ಸಲವೂ ಹರಿದೆ. ಇಲ್ಲಿ ಎಲ್ಲ ಕ್ಷೇಮ. ನಿನ್ನಪ್ಪ ಹೊಸ ಹಲ್ಲು ಕಟ್ಟಿಸಿಕೊಂಡು ಕನ್ನಡಿಯೆದುರು ನಗುವ ಅಭ್ಯಾಸ ಮಾಡುತ್ತಿದ್ದಾರೆ.

ಹೆತ್ತವರ ಓದು ಮಕ್ಕಳ ಓದನ್ನು ಹೇಗೆ ತಿದ್ದುತ್ತದೆ ಎಂದು ನಿನ್ನ ಶಿಕ್ಷಕರ ತರಬೇತಿಯ ಪ್ರಬಂಧಕ್ಕೆ ನನ್ನ ಅನುಭವ ಕೇಳಿದ್ದೀಯ. 'ನಿನ್ನಷ್ಟು ಜೊತೆಗೆ ಕೂತವರು ಯಾರಮ್ಮ?' ಎಂದಿದ್ದೀಯ. ಕೂತಿದ್ದೆ, ನಿಜ. ಪದ್ಯ ಮೊದಲು ಕಿವಿಗೆ ಹತ್ತಲಿ ಎಂದು ದಿನಾ ಓದಿ ಹೇಳುತ್ತಿದ್ದೆ. ಆದರೆ ನೀನು ಬರೆಯಬೇಕಾದದ್ದು ನಮ್ಮ ಕಥೆಯಲ್ಲ, ಬಾಬಿನ್‌ಳದು.

ಕೆಳಮಹಡಿಯ ಹೊಲಿಗೆಯವಳ ಮಗಳಿಗೆ ಮಿಷನ್ನಿನ ದಾರದ ಉರುಳೆಯ ಆ ಹೆಸರಿಟ್ಟವಳು ನೀನೇ. ನೀವಿಬ್ಬರೂ ಐದನೇ ತರಗತಿಯಲ್ಲಿದ್ದಾಗ, ಪೋಷಕರು ವಾರಕ್ಕೊಮ್ಮೆ ಮಕ್ಕಳ ಶಾಲೆಯ ಡೈರಿಯಲ್ಲಿ ಕೆಲವು ಸಾಲು ಬರೆಯಬೇಕೆಂಬ ನಿಯಮ ಬಂತಲ್ಲ, ಸಭೆಯಲ್ಲಿ ಅದನ್ನು ಸೂಚಿಸಿದವಳು ನಾನು. ಮರುವಾರವೇ ಅವಳಮ್ಮ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದಳು.

"ನಮ್ದು ಹೆಬ್ಬೆಟ್ಟಿನ ವಂಶ ಅಕ್ಕಾ. ನೀವೇ ಏನಾದ್ರೂ ಗೀಚಿಬಿಡಿ. ಚೆನ್ನಾಗಿರೋದನ್ನೇ ಗೀಚಿ ಮತ್ತೆ," ಎಂದು ನಕ್ಕಳು.

ಬರೆದುಕೊಟ್ಟೆ. ಮರುತಿಂಗಳು ಬಾಬಿನ್‌ಳನ್ನು ಓದಿನಲ್ಲಿ ಹಿಂದುಳಿದವರ ವಿಭಾಗಕ್ಕೆ ಹಾಕಿದರು. ಏಳನೇ ತರಗತಿಗೇ ಶಾಲೆ ಬಿಟ್ಟು ಅಮ್ಮನ ಪಕ್ಕದ ಮಿಷನ್ನಿಗೆ ಕೂತದ್ದು ನಿನಗೆ ಗೊತ್ತು.

ಮೊನ್ನೆ ಪರದೆ ಹೊಲಿಸಲು ಹೋಗಿದ್ದೆ. ನೀನು ಟೀಚರ್ ಆಗುತ್ತೀಯೆಂದು ಕೇಳಿ ಅವಳಮ್ಮ ಹಿಗ್ಗಿದಳು. "ಓದಿದ ತಾಯಿ ಹೊಟ್ಟೇಲಿ ಹುಟ್ಟಿದ್ಳು ನಿಮ್ಮಗಳು. ನಮ್ಮದಕ್ಕೆ ನನ್ನ ತಲೇನೇ ಬಂತು, ಏನ್ಮಾಡೋದು." ಬಾಬಿನ್ ತಲೆಯೆತ್ತಲಿಲ್ಲ. ಅವಳ ಮಿಷನ್ ಒಂದು ಕ್ಷಣ ನಿಂತು ಮತ್ತೆ ಓಡಿತು. ನಾನು ಬಟ್ಟೆ ಇಟ್ಟು ಬಂದುಬಿಟ್ಟೆ.

ಇದನ್ನು ಪ್ರಬಂಧದಲ್ಲಿ ಹಾಕು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮುಂದೆ ಕೂರುವ ಮಕ್ಕಳೆಲ್ಲ ನಿನ್ನಿಂದ ತಂಪಾಗಿರಲಿ.

ನಿನ್ನ
ಅಮ್ಮ

ತಾ.ಕ.: ಡೈರಿಯಲ್ಲಿ ಏನು ಬರೆದೆನೆಂದು ಹೇಳದೆಯೇ ಮುಗಿಸಿದ್ದೆ. 'ನಮ್ಮ ಮನೆಯಲ್ಲಿ ಓದಿಸುವವರಿಲ್ಲ. ಮಗಳಿಗೆ ಪಾಠ ಹೊರೆಯಾಗುತ್ತಿದೆ. ಸುಲಭದ ವಿಭಾಗಕ್ಕೆ ಹಾಕಿದರೆ ಉಪಕಾರ.' ಅವಳ ಒಳ್ಳೆಯದಕ್ಕೇ ಬರೆದೆನೆಂದು ಎಷ್ಟೋ ವರ್ಷ ಹೇಳಿಕೊಂಡೆ. ಆ ತಿಂಗಳು ಲೆಕ್ಕದಲ್ಲಿ ಅವಳು ನಿನ್ನನ್ನು ಹಿಂದೆ ಹಾಕಿದ್ದಳು. ಹೆಬ್ಬೆಟ್ಟು ಒತ್ತುವ ಮೊದಲು ಅವಳಮ್ಮ, "ಏನ್ ಬರೆದ್ರಿ, ಓದಿ ಹೇಳಿ ಅಕ್ಕಾ," ಎಂದಳು. 'ನನ್ನ ಮಗಳು ತುಂಬ ಚುರುಕು, ಮುಂದೆ ಬರುತ್ತಾಳೆ' ಎಂದು ಓದಿದೆ. ಇನ್ನೊಂದು ಸಲ ಓದಿ ಎಂದಳು. ಓದಿದೆ.