ಅಜ್ಜಿ ಜಗ್ಗಿದ ಚಿಲಕ

ಮಾರ್ಚ್ ೬, ಗುರುವಾರ

ಇಡೀ ದಿನ ಹೊಲಿಗೆ ಯಂತ್ರ ತುಳಿದು ಕಾಲು ಸೋತಿದೆ. ಆದರೂ ಬಾಗಿಲಿನ ಚಿಲಕ ಬದಲಿಸಲು ಬಂದಿದ್ದ ಬಡಗಿಯ ಮಾತು ತಲೆಯಿಂದ ಹೋಗುತ್ತಿಲ್ಲ. “ಬಾಗಿಲು ಗಟ್ಟಿಯಾಗೇ ಇದೆ. ಯಾರೋ ಬೀಗ ಜಗ್ಗಿ ಜಗ್ಗಿ ಚಿಲಕ ಸಡಿಲ ಮಾಡಿದ್ದಾರೆ,” ಅಂದ. ನಾನೂ ಅಮ್ಮನೂ ಮುಖ ಮುಖ ನೋಡಿಕೊಂಡೆವು.

ಯಾರೇ ಬೀಗ ಹಾಕಲಿ, ಅಜ್ಜಿ ಬೀದಿಯ ತಿರುವಿನಿಂದ ವಾಪಸು ಬಂದು ಜಗ್ಗಿ ನೋಡಲೇಬೇಕು. ನಾನು ರೇಗಿದರೆ, “ನಿನ್ನ ಮೇಲೆ ನಂಬಿಕೆ ಇದೆ ಕಣೇ, ಬೀಗದ ಮೇಲಿಲ್ಲ,” ಅನ್ನುತ್ತಿದ್ದಳು. ಅವಳನ್ನು ಹೊತ್ತೊಯ್ದ ದಿನ ಬಾಗಿಲು ಹಾರುಹೊಡೆದಿತ್ತು. ಬೀಗದ ನೆನಪು ಒಬ್ಬರಿಗೂ ಆಗಲಿಲ್ಲ.

ಹೊಸ ಚಿಲಕ ಕಲ್ಲಿನಂತಿದೆ. ಸಂಜೆ ಹೊರಟಾಗ ಬೀಗ ಹಾಕಿದ್ದು ನಾನೇ. ತಿರುವಿನವರೆಗೆ ಬಂದ ಅಮ್ಮ “ಒಂದ್ನಿಮಿಷ ಇರು” ಎಂದು ಹಿಂದಿರುಗಿದಳು. ನಿಲ್ಲಲು ಕಾಲಲ್ಲಿ ಬಲವಿರಲಿಲ್ಲ, ಆದರೂ ರೇಗಲಿಲ್ಲ, ಕಾದೆ.

ಈ ಚಿಲಕವೂ ಸಡಿಲವಾಗಲಿ. ನಿಧಾನಕ್ಕೆ, ಬಹಳ ವರ್ಷ ಹಿಡಿದು...