ರಾಣಿಯ ಮುಖದ ಸರ

ಕುಬಿಹಾಳ

ತಮ್ಮ ಜಾಕೀರನಿಗೆ ಸಲಾಮು.

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ. ಅಮ್ಮಿಯ ಬೆಳ್ಳಿ ರೂಪಾಯಿಗಳ ಸರ ನೋಡಿ ನೀನು, "ನಮ್ಮನ್ನ ಗುಲಾಮರನ್ನ ಮಾಡಿ ಆಳಿದ ರಾಣಿ ಮಾರಿ ಅದ ಇದರಾಗ. ಕೊರಳಾಗ ಯಾಕ ಹಾಕ್ಕೋತಿ? ಕರಗಿಸಿ ಬಳಿ ಮಾಡಿಸಿ ಕೊಡ್ತೀನಿ" ಎಂದೆ. ಅಮ್ಮಿ ಆಗಲೇ ಬಿಚ್ಚಿಕೊಟ್ಟಳು.

ನಿನ್ನೆ ಹುಬ್ಬಳ್ಳಿಯ ಹಳೆ ನಾಣ್ಯದ ಅಂಗಡಿಯೊಂದರಲ್ಲಿ ಅಂಥದೇ ಸರ ಕಂಡೆ. ಬೇರೆ ಯಾರದೋ ಇರಬೇಕು ಅಂದುಕೊಂಡೆ. ಆದರೆ ಮುರಿದ ಕೊಂಡಿಗೆ ಅಬ್ಬಾ ಕಟ್ಟಿದ್ದ ತಾಮ್ರದ ತಂತಿ ಹಾಗೇ ಇತ್ತು.

"ತಂದವರು, 'ರಾಣಿ ಮಾರಿ ಸವದಿಲ್ಲ ನೋಡ್ರಿ, ಅದಕ್ಕ ಬೆಲಿ' ಅಂದ್ರು" ಎಂದ ಅಂಗಡಿಯವ.

ರಾಣಿ ಕೆಟ್ಟವಳೇ ಇರಬಹುದು. ಆದರೆ ನಲವತ್ತು ವರ್ಷ ಕೊರಳಲ್ಲಿ ಪಾಪ ಹೊತ್ತೆನೆಂದು ಅಮ್ಮಿ ದಿನಾ ನಮಾಜು ಮುಗಿಸಿ ಕ್ಷಮೆ ಬೇಡುತ್ತಿದ್ದಾಳೆ. ನಾನಿನ್ನೂ ಅವಳಿಗೆ ಏನೂ ಹೇಳಿಲ್ಲ. ಶುಕ್ರವಾರ ಬಂದು ನೀನೇ ಹೇಳು.

ನಿನ್ನ ಅಕ್ಕ,
ಮುಮತಾಜ್